ಹದಿನಾಲ್ಕು ವರ್ಷದ ಸಿ.ಬಿ.ಆರ್. 250: ಎಂಜಿನ್ ಇಳಿಸುವ ಮೊದಲು ಅಳೆದು ನೋಡಿ

ಪ್ರಶ್ನೆ: ನಾನು ಮಂಡ್ಯದವನು. 2012ರಲ್ಲಿ ಹೊಸದಾಗಿ ಕೊಂಡ ಹೋಂಡಾ ಸಿ.ಬಿ.ಆರ್. 250ಆರ್ ಬೈಕ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. ಇರುವ ಮಾದರಿ) ನನ್ನಲ್ಲಿದೆ. ಇಲ್ಲಿಯವರೆಗೆ 71,000 ಕಿ.ಮೀ. ಓಡಿದೆ. ಮೊದಲೆಲ್ಲ ಮಡಿಕೇರಿ, ಊಟಿ, ಮಾದಪ್ಪನ ಬೆಟ್ಟ ಎಂದು ಬಿಡುವಾದಾಗಲೆಲ್ಲ ಹೊರಡುತ್ತಿದ್ದೆ. ಎರಡು ವರ್ಷದಿಂದ ಕೆಲಸದ ಒತ್ತಡದಿಂದಾಗಿ ಮೂರು ನಾಲ್ಕು ವಾರಕ್ಕೊಮ್ಮೆ ಮಾತ್ರ ಗಾಡಿ ತೆಗೆಯುತ್ತೇನೆ. ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಒತ್ತಬೇಕಾಗುತ್ತದೆ. ದೂರ ಓಡಿಸಿ ಕಾಫಿಗೆ ನಿಲ್ಲಿಸಿದರೆ ಕೆಲವೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಆಗುವುದೇ ಇಲ್ಲ. ಮೈಸೂರು–ಬೆಂಗಳೂರು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮೀಟರಿನಲ್ಲಿ ಬಿಸಿಯ ಗೆರೆಗಳು ಏರುತ್ತವೆ. ಲೀಟರಿಗೆ 32 ಕಿ.ಮೀ. ಕೊಡುತ್ತಿದ್ದದ್ದು ಈಗ 27ಕ್ಕೆ ಇಳಿದಿದೆ. ಹೊಗೆ ಇಲ್ಲ. ಟೈರುಗಳನ್ನು 2017ರಲ್ಲಿ ಹಾಕಿಸಿದ್ದೆ, ಅವುಗಳ ಬಟನ್ (ರಸ್ತೆಗೆ ತಾಗುವ ಉಬ್ಬುಗಳು) ಇನ್ನೂ ಚೆನ್ನಾಗಿದೆ. ಮೆಕ್ಯಾನಿಕ್ ಎಂಜಿನ್ ಇಳಿಸಿ ಬೋರ್–ಪಿಸ್ಟನ್ (ಸಿಲಿಂಡರಿನ ಕೊಳವೆ ಮತ್ತು ಅದರೊಳಗೆ ಓಡಾಡುವ ಪಿಸ್ಟನ್) ಬದಲಿಸಬೇಕು ಎನ್ನುತ್ತಾರೆ. ಸ್ನೇಹಿತರೊಬ್ಬರು ಇದೆಲ್ಲ ಎಥನಾಲ್ ಪೆಟ್ರೋಲಿನ ಕೆಲಸ ಎನ್ನುತ್ತಾರೆ. ಮುಂದಿನ ವರ್ಷ ಹದಿನೈದು ವರ್ಷ ತುಂಬುವುದರಿಂದ ಹೇಗೂ ಗುಜರಿಗೆ ಹೋಗುತ್ತದೆ, ಈಗಲೇ ಮಾರಿಬಿಡು ಎಂದು ಭಾವ ಹೇಳುತ್ತಾರೆ. ಇಟ್ಟುಕೊಳ್ಳಲೇ, ಮಾರಲೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಲಕ್ಷಣಗಳಿವೆ, ಮೂವರ ಅಭಿಪ್ರಾಯಗಳಿವೆ, ಆದರೆ ಯಾರಾದರೂ ಏನನ್ನಾದರೂ ಅಳೆದು ನೋಡಿದರು ಎಂಬ ಮಾತು ಎಲ್ಲಿಯೂ ಇಲ್ಲ. ನಿಮ್ಮ ಆತಂಕ ಸ್ಟಾರ್ಟಿಂಗ್ ತೊಂದರೆಗಿಂತ ದೊಡ್ಡದು ಎಂಬುದು ನನಗೆ ಅರ್ಥವಾಗುತ್ತದೆ. ಇಷ್ಟು ವರ್ಷ ಜೊತೆಗಿದ್ದ ಗಾಡಿಗೆ ಇನ್ನು ಮುಂದೆ ಹಾಕುವ ಹಣ ಉಪಯೋಗಕ್ಕೆ ಬರುತ್ತದೆಯೇ, ಅಥವಾ ಒಂದು ರಿಪೇರಿ ಮುಗಿಯುವಷ್ಟರಲ್ಲಿ ಇನ್ನೊಂದು ಎದ್ದು ನಿಲ್ಲುತ್ತದೆಯೇ ಎಂಬುದು ನಿಮ್ಮ ನಿಜವಾದ ಪ್ರಶ್ನೆ. ನೀವು ಬರೆದಿರುವ ಲಕ್ಷಣಗಳನ್ನಷ್ಟೇ ನೋಡಿ ಹೇಳುವುದಾದರೆ, ಈ ಎಂಜಿನ್ನನ್ನು ಈಗಲೇ ಇಳಿಸಲು ಕಾರಣ ಕಾಣುವುದಿಲ್ಲ. ಆದರೆ ನೀವು ಚೆನ್ನಾಗಿದೆ ಎಂದು ಬರೆದಿರುವ ಒಂದು ಭಾಗವೇ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದಿದೆ. ಅದು ಟೈರು.

ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. ಅದು 3216 ಎಂದಿದ್ದರೆ 2016ನೇ ಇಸವಿಯ 32ನೇ ವಾರದಲ್ಲಿ ತಯಾರಾದ ಟೈರು ಎಂದರ್ಥ. ನೀವು 2017ರಲ್ಲಿ ಹಾಕಿಸಿದ್ದು ಅಂಗಡಿಯಲ್ಲಿ ಅದಕ್ಕೂ ಮೊದಲೇ ಇದ್ದ ಮಾಲಾಗಿರಬಹುದು. ರಬ್ಬರು ಓಡದಿದ್ದರೂ ಗಟ್ಟಿಯಾಗುತ್ತ ಹೋಗುತ್ತದೆ, ಮತ್ತು ಬಿಸಿಲಿನಲ್ಲಿ ನಿಲ್ಲುವ ಗಾಡಿಯಲ್ಲಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ಬಟನ್ ಆಳವಾಗಿದ್ದರೂ ಒದ್ದೆ ರಸ್ತೆಯಲ್ಲಿ ಅಂಥ ಟೈರು ಹಿಡಿತ ಕೊಡುವುದಿಲ್ಲ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಪರೀಕ್ಷಿಸಬೇಕು, ಹತ್ತು ವರ್ಷ ತಲುಪಿದ್ದನ್ನು ನೋಡಲು ಹೇಗಿದ್ದರೂ ತೆಗೆದುಹಾಕಬೇಕು ಎಂಬುದು ಟೈರು ತಯಾರಕರೇ ಒಪ್ಪಿರುವ ಕ್ರಮ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮಳೆಗಾಲದಲ್ಲಿ ಮಡಿಕೇರಿಯ ತಿರುವುಗಳನ್ನು ಇಳಿಯುವ ಗಾಡಿಯಲ್ಲಿ ಅಷ್ಟು ದಿನ ಕಾಯುವುದನ್ನು ನಾನು ಒಪ್ಪುವುದಿಲ್ಲ. ಎಂಜಿನಿಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಎರಡೂ ಟೈರು ಬದಲಿಸಿ. ಮುಂದಿನದು 110/70–17, ಹಿಂದಿನದು 140/70–17. ಇವು ಸುಲಭವಾಗಿ ಸಿಗುವ ಅಳತೆಗಳು.

ನಿಮ್ಮ ಪತ್ರದಲ್ಲಿ ಬ್ರೇಕಿನ ಪ್ರಸ್ತಾಪವೇ ಇಲ್ಲ. ಹಳೆಯ ಗಾಡಿಗಳ ಬಗ್ಗೆ ಬರೆಯುವ ಬಹುತೇಕರು ಅದನ್ನು ಬರೆಯುವುದಿಲ್ಲ, ಏಕೆಂದರೆ ಬ್ರೇಕು ದಿನದಿಂದ ದಿನಕ್ಕೆ ಕೊಂಚ ಕೊಂಚವೇ ಸಡಿಲವಾಗುವಾಗ ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ; ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಾದಪ್ಪನ ಬೆಟ್ಟದಿಂದ ಬ್ರೇಕ್ ಒತ್ತಿಕೊಂಡೇ ಇಳಿಯುವಾಗ ಲಿವರ್ ಇದ್ದಕ್ಕಿದ್ದಂತೆ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದರೆ ಕಾರಣ ಇದೇ. ಎರಡು ವರ್ಷಕ್ಕೊಮ್ಮೆ ಈ ಆಯಿಲನ್ನು ಪೂರ್ತಿ ಬದಲಿಸಬೇಕು. ನಿಮ್ಮ ಮಾದರಿಯಲ್ಲಿ ಹಿಂದಿನ ಪೆಡಲ್ ಒತ್ತಿದಾಗ ಮುಂದಿನ ಬ್ರೇಕೂ ಭಾಗಶಃ ಕೆಲಸ ಮಾಡುವ ಕಂಬೈನ್ಡ್ ಎ.ಬಿ.ಎಸ್. ವ್ಯವಸ್ಥೆ ಇದೆ. ಹೀಗಾಗಿ ಪೆಡಲಿನ ಲೈನು ಮುಂದಿನ ಚಕ್ರಕ್ಕೂ ಹೋಗುತ್ತದೆ, ಅದನ್ನೂ ಬ್ಲೀಡ್ ಮಾಡಬೇಕು, ಅಂದರೆ ಹಳೆಯ ಆಯಿಲನ್ನೂ ಗಾಳಿಯನ್ನೂ ಹೊರತೆಗೆಯಬೇಕು. ಸಾಮಾನ್ಯ ಗಾಡಿಯಂತೆ ಹಿಂದೊಂದು ಮುಂದೊಂದು ಬ್ಲೀಡ್ ಮಾಡಿ ಮುಗಿಸಿದರೆ ಹಳೆಯ ಆಯಿಲ್ ಒಳಗೇ ಉಳಿದು ಎ.ಬಿ.ಎಸ್. ಘಟಕವನ್ನು ಒಳಗಿನಿಂದ ತಿನ್ನುತ್ತದೆ. ಆ ಘಟಕ ಹಾಳಾದರೆ ಬದಲಿ ತರುವುದು ನಿಮ್ಮ ಬೋರ್–ಪಿಸ್ಟನ್‌ಗಿಂತ ದೊಡ್ಡ ತಲೆನೋವು.

ಈಗ ಎಂಜಿನ್ನಿಗೆ ಬರೋಣ. ಇದು 249.6 ಸಿ.ಸಿ.ಯ, ನೀರಿನಿಂದ ತಣಿಯುವ ಒಂಟಿ ಸಿಲಿಂಡರಿನ ಎಂಜಿನ್. ಸುಮಾರು 25 ಅಶ್ವಶಕ್ತಿ ಕೊಡುತ್ತದೆ. ಹೆದ್ದಾರಿಯಲ್ಲಿ ತಾಸುಗಟ್ಟಲೆ ಒಂದೇ ವೇಗದಲ್ಲಿ ಓಡಲೆಂದೇ ಮಾಡಿದ್ದು. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಇಂಥ ಎಂಜಿನಿಗೆ 71,000 ಕಿ.ಮೀ. ಅಂತ್ಯವಲ್ಲ. ಹಳೆಯ ಟೂರಿಂಗ್ ಗಾಡಿ ಕಿಲೋಮೀಟರಿನಿಂದ ಸವೆಯುವುದಕ್ಕಿಂತ ಹೆಚ್ಚಾಗಿ ವರ್ಷಗಳಿಂದ ಸವೆಯುತ್ತದೆ. ರಬ್ಬರು, ದ್ರವಗಳು, ವೈರಿನ ಕನೆಕ್ಟರುಗಳು, ಬೇರಿಂಗಿನೊಳಗೆ ಒಣಗಿದ ಗ್ರೀಸು, ಇವುಗಳೆಲ್ಲ ಗಾಡಿ ನಿಂತಿದ್ದಾಗಲೂ ಹಳೆಯದಾಗುತ್ತಲೇ ಇರುತ್ತವೆ. ಆದರೆ ಎಲ್ಲ ಆರೋಪವೂ ಬಂದು ಬೀಳುವುದು ಪಿಸ್ಟನ್ನಿನ ಮೇಲೆ.

ಬೋರು ಮತ್ತು ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಸವೆದರೆ ಅದಕ್ಕೆ ತನ್ನದೇ ಲಕ್ಷಣಗಳಿವೆ. ಎಕ್ಸಲರೇಟರ್ ಬಿಟ್ಟು ಮತ್ತೆ ತಿರುಗಿಸಿದಾಗ ನೀಲಿ ಹೊಗೆ ಬರುತ್ತದೆ, ಆಯಿಲ್ ಮಟ್ಟ ಬೇಗ ಇಳಿಯುತ್ತದೆ, ಏರ್ ಫಿಲ್ಟರಿನ ಪೆಟ್ಟಿಗೆಯೊಳಗೆ ಆಯಿಲ್ ತುಂಬುತ್ತದೆ. ನಿಮಗೆ ಹೊಗೆ ಇಲ್ಲ. ಆಯಿಲ್ ಮಟ್ಟದ ಬಗ್ಗೆ ಬರೆದಿಲ್ಲ. ಮುಂದಿನ 500 ಕಿ.ಮೀ.ಗೆ ಮೊದಲೂ ನಂತರವೂ ನೋಡಿಕೊಳ್ಳಿ. ಕಷ್ಟದ ಸ್ಟಾರ್ಟಿಂಗ್ ಮತ್ತು ಮೈಲೇಜ್ ಇಳಿಕೆ ಒಟ್ಟಿಗೆ ಬಂದು, ಹೊಗೆ ಇಲ್ಲದಿದ್ದಾಗ ನಾನು ಮೊದಲು ಅನುಮಾನಿಸುವುದು ವಾಲ್ವಿನ ಅಂತರವನ್ನು, ಅಂದರೆ ನಮ್ಮ ಮೆಕ್ಯಾನಿಕ್‌ಗಳು ಟ್ಯಾಪೆಟ್ ಎನ್ನುವುದನ್ನು. ವಾಲ್ವು ಎಂದರೆ ಸಿಲಿಂಡರಿನೊಳಗೆ ಗಾಳಿ ಬಿಡುವ (ಇನ್‌ಲೆಟ್) ಅಥವಾ ಹೊಗೆ ಹೊರಹಾಕುವ (ಎಕ್ಸಾಸ್ಟ್) ಬಾಗಿಲು; ಅದಕ್ಕೂ ಅದನ್ನು ಒತ್ತಿ ತೆರೆಯುವ ಭಾಗಕ್ಕೂ ನಡುವಿನ ಸಂದಿಯೇ ಈ ಅಂತರ.

ಇಲ್ಲಿ ಬಹಳ ಜನರನ್ನು ದಾರಿ ತಪ್ಪಿಸುವ ಒಂದು ನಂಬಿಕೆ ಇದೆ. ಟ್ಯಾಪೆಟ್ ಸಡಿಲವಾದರೆ ಟಕಟಕ ಶಬ್ದ ಬರುತ್ತದೆ, ಶಬ್ದವಿಲ್ಲದಿದ್ದರೆ ಎಲ್ಲ ಸರಿಯಿದೆ ಎಂಬುದು ಆ ನಂಬಿಕೆ. ಹಳೆಯ ಸ್ಕ್ರೂ ಮಾದರಿಯ ಎಂಜಿನುಗಳಲ್ಲಿ ಅದು ಬಹುಮಟ್ಟಿಗೆ ನಿಜವಾಗಿತ್ತು. ನಿಮ್ಮ ಎಂಜಿನಿನಲ್ಲಿ ಅಂತರವನ್ನು ನಿರ್ಧರಿಸುವುದು ಶಿಮ್ ಎಂಬ ಉಕ್ಕಿನ ಪುಟ್ಟ ಬಿಲ್ಲೆ. ವಾಲ್ವು ತನ್ನ ಸೀಟಿನ ಮೇಲೆ ಸಾವಿರಾರು ಗಂಟೆ ಬಡಿದು ಬಡಿದು ಸೀಟಿನೊಳಕ್ಕೆ ಕೊಂಚ ಇಳಿಯುತ್ತದೆ, ಅದರ ಇನ್ನೊಂದು ತುದಿ ಅಷ್ಟೇ ಮೇಲೇರುತ್ತದೆ, ಅಂತರ ಕಡಿಮೆಯಾಗುತ್ತದೆ. ಹೀಗೆ ಬಿಗಿಯಾಗುತ್ತ ಹೋಗುವ ಎಂಜಿನ್ ಮೊದಲಿಗಿಂತಲೂ ನಿಶ್ಶಬ್ದವಾಗಿರುತ್ತದೆ, ಮಾಲೀಕರೂ ಸಂತೋಷವಾಗಿರುತ್ತಾರೆ. ಅಂತರ ಪೂರ್ತಿ ಮುಗಿದ ದಿನ ವಾಲ್ವು ಸರಿಯಾಗಿ ಮುಚ್ಚುವುದಿಲ್ಲ. ಸೆಲ್ಫ್ ಮೋಟರ್ ಎಂಜಿನ್ನನ್ನು ನಿಧಾನವಾಗಿ ತಿರುಗಿಸುವಾಗ ಒತ್ತಡ ಆ ಸಂದಿಯಿಂದ ಸೋರಿಹೋಗುತ್ತದೆ, ಗಾಡಿ ಹಿಡಿಯುವುದಿಲ್ಲ. ಒಮ್ಮೆ ಓಡಲು ಶುರುವಾದರೆ ವೇಗ ಹೆಚ್ಚಿರುವುದರಿಂದ ಸೋರಲು ಸಮಯವೇ ಸಿಗುವುದಿಲ್ಲ, ಆಗ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಇದನ್ನು ಹಾಗೆಯೇ ಬಿಟ್ಟರೆ ಎಕ್ಸಾಸ್ಟ್ ವಾಲ್ವು ಸುಟ್ಟುಹೋಗುತ್ತದೆ, ಏಕೆಂದರೆ ಅದು ತನ್ನ ಬಿಸಿಯನ್ನು ಸೀಟಿನ ಮೂಲಕವೇ ಬಿಟ್ಟುಕೊಡಬೇಕು. ಆಗ ಹೆಡ್ (ವಾಲ್ವುಗಳಿರುವ ಎಂಜಿನಿನ ಮೇಲ್ಭಾಗ) ಕೆಲಸ ಅನಿವಾರ್ಯ.

ಈ ಎಂಜಿನಿಗೆ ನಿಗದಿಯಾದ ಅಂತರ ಇನ್‌ಲೆಟ್ ಕಡೆ 0.16 ಮಿ.ಮೀ., ಎಕ್ಸಾಸ್ಟ್ ಕಡೆ 0.27 ಮಿ.ಮೀ.; ಎರಡಕ್ಕೂ 0.03 ಮಿ.ಮೀ. ಹೆಚ್ಚು ಕಡಿಮೆ ನಡೆಯುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಅಳೆಯಬೇಕು, ಆದ್ದರಿಂದ ಗಾಡಿಯನ್ನು ಹಿಂದಿನ ರಾತ್ರಿಯೇ ಬಿಟ್ಟು ಬನ್ನಿ. ಬೆಳಿಗ್ಗೆ ಓಡಿಸಿಕೊಂಡು ಹೋಗಿ ಹನ್ನೊಂದು ಗಂಟೆಗೆ ಅಳೆಸಿದರೆ ಆ ಅಂಕಿಗೆ ಅರ್ಥವಿಲ್ಲ. ಈ ಎಂಜಿನಿನ ವಿನ್ಯಾಸಕಾರರು ಮಾಡಿರುವ ಒಂದು ಉಪಕಾರವೆಂದರೆ, ವಾಲ್ವನ್ನು ಒತ್ತುವ ತೋಳಾದ ರಾಕರ್ ಆರ್ಮನ್ನು ಪಕ್ಕಕ್ಕೆ ಸರಿಸಿ, ಅದನ್ನು ಆಡಿಸುವ ಕ್ಯಾಮ್‌ಶಾಫ್ಟ್ ಬಿಚ್ಚದೆಯೇ ಶಿಮ್ ಬದಲಿಸಬಹುದು. ಶಿಮ್ಮುಗಳು 0.025 ಮಿ.ಮೀ. ವ್ಯತ್ಯಾಸದಲ್ಲಿ ಅನೇಕ ದಪ್ಪಗಳಲ್ಲಿ ಸಿಗುತ್ತವೆ. ಹೀಗಿದ್ದೂ ಈ ಕೆಲಸವನ್ನು ಯಾರೂ ಮುಂದಾಗಿ ಮಾಡುವುದಿಲ್ಲ. ಫೇರಿಂಗ್ (ಗಾಡಿಯ ಪ್ಲಾಸ್ಟಿಕ್ ಹೊದಿಕೆ), ಟ್ಯಾಂಕ್ ಎಲ್ಲ ಬಿಚ್ಚಿದ ಮೇಲಷ್ಟೇ ಹೆಡ್ ಕವರ್ ಕೈಗೆ ಸಿಗುತ್ತದೆ, ಮತ್ತು ಹದಿನಾಲ್ಕು ವರ್ಷದ ಫೇರಿಂಗಿನ ಪ್ಲಾಸ್ಟಿಕ್ ಲಾಕುಗಳು ಮುಟ್ಟಿದರೆ ಮುರಿಯುತ್ತವೆ. ಬಿಸಿಲಿಗೆ ಸ್ವಲ್ಪ ಹೊತ್ತು ಇಟ್ಟು, ಪ್ಲಾಸ್ಟಿಕ್ ಮೆದುವಾದ ಮೇಲೆ, ಎಳೆಯದೆ ಒಂದೊಂದನ್ನೇ ಒತ್ತಿ ಬಿಡಿಸಬೇಕು. ಅಷ್ಟು ತಾಳ್ಮೆ ಇರುವ ಮೆಕ್ಯಾನಿಕ್ಕನ್ನೇ ಹುಡುಕಿ, ಅವರು ಕೇಳುವ ಕೂಲಿಯನ್ನು ಕೊಡಿ.

ವಾಲ್ವಿನ ಅಂತರ ಸರಿಪಡಿಸಿದ ಮೇಲೂ ಅನುಮಾನ ಉಳಿದರೆ ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಎಂಜಿನ್ ಇಳಿಸಬೇಕೋ ಬೇಡವೋ ಎಂಬ ವಾದವನ್ನು ಮುಗಿಸುವ ಪರೀಕ್ಷೆ ಇದು. ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಎರಡೂ ಬಗೆಯ ವಾಲ್ವುಗಳು ಮುಚ್ಚಿರುವ ಹಂತದಲ್ಲಿ ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿ ಬಿಡುತ್ತಾರೆ. ಆಮೇಲೆ ಕೆಲಸವೆಲ್ಲ ಕಿವಿಯದು. ಸೈಲೆನ್ಸರಿನ ಬಾಯಿಯಲ್ಲಿ ಸುಯ್ ಎಂದು ಕೇಳಿದರೆ ಎಕ್ಸಾಸ್ಟ್ ವಾಲ್ವು, ಏರ್ ಫಿಲ್ಟರಿನ ಕಡೆ ಕೇಳಿದರೆ ಇನ್‌ಲೆಟ್ ವಾಲ್ವು, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿ ಜೋರಾಗಿ ಕೇಳಿದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ನಿಮ್ಮ ಮೆಕ್ಯಾನಿಕ್ ಬೋರ್–ಪಿಸ್ಟನ್ ಎಂದಿದ್ದಾರಲ್ಲ, ಅದು ನಿಜವಿದ್ದರೆ ಈ ಪರೀಕ್ಷೆ ತೋರಿಸಿಯೇ ತೋರಿಸುತ್ತದೆ. ಅವರ ಮಾತನ್ನು ತಳ್ಳಿಹಾಕಬೇಕಿಲ್ಲ, ಅಳೆದು ತೋರಿಸಿ ಎಂದು ಮರ್ಯಾದೆಯಿಂದಲೇ ಕೇಳಿ.

ಇದಿಷ್ಟಕ್ಕೂ ಮೊದಲು ಬ್ಯಾಟರಿ. ಬೆಳಿಗ್ಗೆ ಸೆಲ್ಫ್ ಒತ್ತಿದಾಗ ಎಂಜಿನ್ ಚುರುಕಾಗಿ ತಿರುಗಿಯೂ ಹಿಡಿಯುವುದಿಲ್ಲವೋ, ಅಥವಾ ತಿರುಗುವುದೇ ಭಾರವಾಗಿದೆಯೋ ಎಂಬುದನ್ನು ಗಮನಿಸಿ. ಇವೆರಡೂ ಬೇರೆ ಬೇರೆ ಕಾಯಿಲೆಗಳು. ಒಂದು ರಾತ್ರಿ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟಿನಷ್ಟಾದರೂ ಇರಬೇಕು. ಸೆಲ್ಫ್ ಒತ್ತಿದಾಗ ಅದು 10 ವೋಲ್ಟಿಗಿಂತ ಬಹಳ ಕೆಳಗೆ ಕುಸಿಯಬಾರದು. ಎಂಜಿನ್ ವೇಗವಾಗಿ ಓಡುವಾಗ 14ರ ಆಸುಪಾಸಿನಲ್ಲಿರಬೇಕು. ಮೂರನೆಯ ಅಂಕಿ ಬರದಿದ್ದರೆ ತೊಂದರೆ ಬ್ಯಾಟರಿಯದಲ್ಲ, ಚಾರ್ಜಿಂಗ್ ನಿಯಂತ್ರಿಸುವ ರೆಗ್ಯುಲೇಟರಿನದೋ ಕರೆಂಟು ಹುಟ್ಟಿಸುವ ಸ್ಟೇಟರಿನದೋ ಆಗಿರುತ್ತದೆ, ಅಥವಾ ಅವೆರಡರ ನಡುವಿನ ಕನೆಕ್ಟರ್ ಸುಟ್ಟು ಕಪ್ಪಾಗಿರುತ್ತದೆ. ಬ್ಯಾಟರಿ ಮೇಲೆ ಬ್ಯಾಟರಿ ಬದಲಿಸಿದರೂ ಆಗ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಗಾಡಿ ಚೆನ್ನಾಗಿರುತ್ತದೆ ಎಂಬ ನಂಬಿಕೆಯನ್ನೂ ಇಲ್ಲಿಯೇ ಬಿಡಿಸಬೇಕು. ಸೆಲ್ಫ್ ತಿಂದ ಕರೆಂಟನ್ನು ಆ ಐದು ನಿಮಿಷದ ಐಡ್ಲಿಂಗ್ ಸರಿಯಾಗಿ ತುಂಬುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ನೀರಿನಂಶ ಉಳಿಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಶ್ರೀರಂಗಪಟ್ಟಣದ ಕಡೆಗೋ ಮೇಲುಕೋಟೆಯ ಕಡೆಗೋ ಓಡಿಸಿ ಬನ್ನಿ. ಆಗದಿದ್ದರೆ ಗಾಡಿಯನ್ನು ಮುಟ್ಟದೆ, ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿ ಬಿಡಿ.

ಬಿಸಿಯಾದ ಮೇಲೆ ಹತ್ತು ನಿಮಿಷ ಸ್ಟಾರ್ಟ್ ಆಗದಿರುವುದು ಬೆಳಗಿನ ತೊಂದರೆಯ ಮುಂದುವರಿಕೆ ಎಂದೇ ಭಾವಿಸಬೇಕಿಲ್ಲ. ಮುಂದಿನ ಸಲ ಹಾಗಾದಾಗ ಸೆಲ್ಫ್ ಒತ್ತದೆ, ಕೀ ತಿರುಗಿಸಿ ಕಿವಿಗೊಡಿ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಗುಂಯ್ ಎಂದು ನಿಲ್ಲಬೇಕು. ಆ ಶಬ್ದವೇ ಬರದಿದ್ದರೆ ಪಂಪು, ಅದರ ರಿಲೇ ಅಥವಾ ವೈರಿನ ಕಡೆ ನೋಡಬೇಕು. ಶಬ್ದ ಬಂದರೆ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ, ಹೀಗೆ ಮೂರು ಸಲ ಮಾಡಿ ನಂತರ ಸೆಲ್ಫ್ ಒತ್ತಿ. ಈಗ ತಕ್ಷಣ ಹಿಡಿದರೆ ಲೈನಿನಲ್ಲಿ ಒತ್ತಡ ನಿಲ್ಲುತ್ತಿಲ್ಲ ಎಂದರ್ಥ. ಪಂಪು ದುರ್ಬಲವಾಗಿರಬಹುದು, ಅದರ ಜಾಲರಿ ಕಟ್ಟಿಕೊಂಡಿರಬಹುದು. ಹೀಗೆ ಮಾಡಿದರೂ ಹಿಡಿಯದಿದ್ದರೆ ಬಿಸಿಗೆ ಕೈಕೊಡುವ, ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲನ್ನೂ ಕೂಲೆಂಟಿನ (ಎಂಜಿನ್ ತಣಿಸುವ ದ್ರವ) ಉಷ್ಣತೆ ಅಳೆಯುವ ಸೆನ್ಸರನ್ನೂ ಪರೀಕ್ಷಿಸಬೇಕು. ಮೀಟರಿನಲ್ಲಿ ಎಂಜಿನ್ ದೀಪ ಹೊತ್ತಿದ್ದರೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದರಲ್ಲೇ ದೋಷದ ಸಂಕೇತ ಇರುತ್ತದೆ, ಅದನ್ನು ಓದಿಸಿಕೊಳ್ಳಿ.

ಸ್ನೇಹಿತರು ಹೇಳಿದ ಎಥನಾಲಿನ ಮಾತಿನಲ್ಲಿ ಅರ್ಧ ಸತ್ಯವಿದೆ. 2023ರ ಏಪ್ರಿಲ್‌ನಿಂದ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ ತಕ್ಕಂತೆ ಹೊಸ ಗಾಡಿಗಳು ಬರತೊಡಗಿದವು. ನಿಮ್ಮದು ಅದಕ್ಕಿಂತ ಒಂದು ದಶಕ ಹಿಂದಿನದು. ಕಬ್ಬು ಬೆಳೆಯುವ ಮಂಡ್ಯದವರಿಗೆ ಎಥನಾಲ್ ಎಲ್ಲಿಂದ ಬರುತ್ತದೆ ಎಂದು ಹೇಳಬೇಕಿಲ್ಲ, ಅದರಿಂದ ರೈತರಿಗೆ ಲಾಭವಿದೆ ಎಂಬ ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿಯಲ್ಲೇ, ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳ ಮೈಲೇಜ್ ಶೇ. 3ರಿಂದ 4ರಷ್ಟು ಇಳಿಯಬಹುದು ಎಂದು ಅಂದಾಜಿಸಲಾಗಿದೆ. ಈ ಲೆಕ್ಕದಲ್ಲಿ ನಿಮ್ಮ 32 ಕಿ.ಮೀ. 31ರ ಹತ್ತಿರ ಇರಬೇಕಿತ್ತು. 27ಕ್ಕೆ ಇಳಿದಿದೆ ಎಂದರೆ ಶೇ. 15ಕ್ಕೂ ಹೆಚ್ಚು. ಉಳಿದ ನಾಲ್ಕು ಕಿಲೋಮೀಟರುಗಳನ್ನು ಎಥನಾಲಿನ ಲೆಕ್ಕಕ್ಕೆ ಬರೆದರೆ ನಿಜವಾದ ದೋಷ ಮರೆಯಾಗಿಬಿಡುತ್ತದೆ. ಬಿಗಿ ವಾಲ್ವು, ಹಿಡಿದುಕೊಂಡಿರುವ ಬ್ರೇಕ್ ಕ್ಯಾಲಿಪರ್, ಧೂಳು ತುಂಬಿದ ಏರ್ ಫಿಲ್ಟರ್, ಗಾಳಿ ಕಡಿಮೆ ಇರುವ ಟೈರು, ಇವೆಲ್ಲ ಆ ಪಟ್ಟಿಯಲ್ಲಿವೆ.

ನಿಮ್ಮಂತೆ ವಾರಗಟ್ಟಲೆ ನಿಲ್ಲಿಸುವವರಿಗೆ ಎಥನಾಲಿನ ದೊಡ್ಡ ಅಪಾಯ ಮೈಲೇಜ್ ಅಲ್ಲ, ನೀರು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಟ್ಯಾಂಕ್ ಅರ್ಧ ಖಾಲಿ ಇದ್ದಷ್ಟೂ ಹೆಚ್ಚು ಗಾಳಿ, ಹೆಚ್ಚು ತೇವ. ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಸೇರಿ ಕೆಳಗೆ ಇಳಿದು ನಿಲ್ಲುತ್ತವೆ, ಪಂಪು ಇರುವುದೂ ಅಲ್ಲಿಯೇ. ಜೊತೆಗೆ ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೆಯ ಜಿಡ್ಡು, ತುಕ್ಕು ಸಡಿಲವಾಗಿ ಜಾಲರಿಗೆ ಬಂದು ಸೇರುತ್ತವೆ. ಬಿಸಿಯಾದಾಗ ನಿಮ್ಮ ಗಾಡಿ ಹಟ ಹಿಡಿಯುವುದಕ್ಕೂ ಇದಕ್ಕೂ ನಂಟಿರುವ ಸಾಧ್ಯತೆ ಇದೆ. ಟ್ಯಾಂಕ್ ಬಿಚ್ಚುವ ದಿನವೇ ಪಂಪನ್ನು ಹೊರತೆಗೆದು ಜಾಲರಿ ನೋಡಿ, ಪೆಟ್ರೋಲ್ ಪೈಪು ಮತ್ತು ಓ ರಿಂಗುಗಳನ್ನು ಹೊಸದಾಗಿ ಹಾಕಿಸಿ. ಮೂರು ವಾರ ನಿಲ್ಲಿಸುವುದಾದರೆ 13 ಲೀಟರಿನ ಟ್ಯಾಂಕನ್ನು ತುಂಬಿಸಿ ನಿಲ್ಲಿಸಿ. ಆಕ್ಟೇನ್ ಹೆಚ್ಚಿರುವ ದುಬಾರಿ ಪೆಟ್ರೋಲ್ ಹಾಕಿದರೆ ಹಳೆಯ ಗಾಡಿ ಹೊಸದಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಸರ್ವಿಸ್ ರಸ್ತೆಯಲ್ಲಿ ಬಿಸಿ ಏರುವುದರ ಬಗ್ಗೆ. 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ್ದರಿಂದ, ವೇಗವಾಗಿ ಓಡಲು ಮಾಡಿದ ಗಾಡಿ ಈಗ ಟ್ರ್ಯಾಕ್ಟರು, ಎತ್ತಿನಗಾಡಿ, ಆಟೋಗಳ ಹಿಂದೆ ಎರಡನೇ ಗೇರಿನಲ್ಲಿ ಸಾಗಬೇಕಾಗಿದೆ. ವೇಗವಿದ್ದಾಗ ರೇಡಿಯೇಟರಿಗೆ ಗಾಳಿ ತಾನಾಗಿ ಬರುತ್ತದೆ. ನಿಧಾನವಾದಾಗ ಎಲ್ಲವೂ ಫ್ಯಾನಿನ ಮೇಲೆ. ಹಾಗಾಗಿ ಗೆರೆಗಳು ಏರಿ, ಫ್ಯಾನ್ ತಿರುಗಿ, ಮತ್ತೆ ಇಳಿದರೆ ಅದು ಸಹಜ. ಏರಿ ಇಳಿಯದಿದ್ದರೆ ತೊಂದರೆ. ಫ್ಯಾನ್ ತಿರುಗುತ್ತದೆಯೇ, ರೇಡಿಯೇಟರಿನ ಸಂದಿಗಳಲ್ಲಿ ಕೆಸರು ಕಟ್ಟಿದೆಯೇ, ಒತ್ತಡ ಹಿಡಿದಿಡಬೇಕಾದ ಕ್ಯಾಪಿನ ರಬ್ಬರು ಗಟ್ಟಿಯಾಗಿದೆಯೇ, ಕೂಲೆಂಟಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಸಿಕ್ಕಿಕೊಂಡಿದೆಯೇ ಎಂದು ಈ ಕ್ರಮದಲ್ಲಿ ನೋಡಿಸಿ. ಕೂಲೆಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ತುಂಬಿಸುವ ಅಭ್ಯಾಸ ನಮ್ಮ ಕಡೆ ಬಹಳ. ಗಡಸು ನೀರಿನ ಸುಣ್ಣದಂಶ ರೇಡಿಯೇಟರಿನ ಕಿರಿದಾದ ನಾಳಗಳೊಳಗೆ ಪದರ ಕಟ್ಟುತ್ತದೆ, ಅಲ್ಯೂಮಿನಿಯಂ ಸವೆದುಹೋಗುತ್ತದೆ. ತುರ್ತಿಗೆ ಹಾಕಲೇಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿ. ಎಂಜಿನಿನ ಬಲಗಡೆ, ವಾಟರ್ ಪಂಪಿನ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರಿಂದ ಹಸಿರು ಅಥವಾ ನೀಲಿ ಕಲೆ ಇಳಿದಿದ್ದರೆ ಪಂಪಿನ ಸೀಲು ಹೋಗುತ್ತಿದೆ ಎಂದರ್ಥ. ಆ ತೂತನ್ನು ಎಂ–ಸೀಲ್ ಹಾಕಿ ಮುಚ್ಚಿದ ಗಾಡಿಗಳನ್ನು ನನ್ನ ವರ್ಕ್‌ಶಾಪಿನಲ್ಲಿ ನೋಡಿದ್ದೇನೆ. ಹಾಗೆ ಮುಚ್ಚಿದರೆ ಹೊರಗೆ ಹೋಗಬೇಕಾದ ನೀರು ಆಯಿಲಿಗೆ ಸೇರುತ್ತದೆ, ಆಮೇಲೆ ನಿಜಕ್ಕೂ ಎಂಜಿನ್ ಇಳಿಸಬೇಕಾಗುತ್ತದೆ.

ಆಯಿಲಿನ ಬಗ್ಗೆ ಒಂದೇ ಮಾತು. ಎಂಜಿನ್ ಹಳೆಯದಾಯಿತು, ದಪ್ಪ ಆಯಿಲ್ ಹಾಕಿ ಎನ್ನುವವರ ಮಾತು ಕೇಳಬೇಡಿ. ಪುಸ್ತಕದಲ್ಲಿರುವ 10ಡಬ್ಲ್ಯೂ–30, ಜಾಸೋ ಎಂ.ಎ. ಗುರುತಿರುವ ಬೈಕಿನ ಆಯಿಲನ್ನೇ ಹಾಕಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಚೈನಿನ ಸಡಿಲ 20ರಿಂದ 30 ಮಿ.ಮೀ. ಇರಲಿ, ಪೆಟ್ರೋಲಿನಲ್ಲಿ ತೊಳೆದು ಅದರ ಓ ರಿಂಗುಗಳನ್ನು ಹಾಳುಮಾಡಬೇಡಿ. ಹ್ಯಾಂಡಲಿನ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಮತ್ತು ಹಿಂದಿನ ಸಸ್ಪೆನ್ಷನ್ನಿನ ಲಿಂಕೇಜ್ ಬೇರಿಂಗುಗಳನ್ನು ಈವರೆಗೆ ಬಿಚ್ಚಿಯೇ ಇಲ್ಲದಿದ್ದರೆ ಒಮ್ಮೆ ಬಿಚ್ಚಿ ಗ್ರೀಸ್ ಮಾಡಿಸಿ. ಗದ್ದೆಯ ಬದಿಯ ಮನೆಯಾದರೆ, ವಾರಗಟ್ಟಲೆ ನಿಂತ ಗಾಡಿಯ ಸೀಟು ಎತ್ತಿ ಇಲಿ ವೈರು ಕಡಿದಿದೆಯೇ ಎಂದು ನೋಡುವುದನ್ನೂ ಮರೆಯಬೇಡಿ.

ಮೈಸೂರು–ಮಂಡ್ಯದ ಕಡೆ ಇನ್ನೊಂದು ಧೈರ್ಯದ ಮಾತು ಕೇಳಿಬರುತ್ತದೆ: ಐವತ್ತು ವರ್ಷದ ಜಾವಾ, ಯೆಜ್ಡಿಗಳೇ ಓಡುತ್ತಿರುವಾಗ ಇದೇನು ಮಹಾ ಎಂದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇಲ್ಲಿ ನಡೆದದ್ದರಿಂದ ಆ ಗಾಡಿಗಳ ಕೈಕೆಲಸ ಬಲ್ಲವರು ನಮ್ಮೂರಿನಲ್ಲಿ ಈಗಲೂ ಇದ್ದಾರೆ, ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆ ಎಂಜಿನಿನ ಬಹುಪಾಲು ಬಿಡಿಭಾಗವನ್ನು ಒಳ್ಳೆಯ ಲೇತಿನವರು ಹೊಸದಾಗಿ ಮಾಡಿಕೊಡಬಲ್ಲರು. ನಿಮ್ಮ ಗಾಡಿಯ ಇ.ಸಿ.ಯು. (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎ.ಬಿ.ಎಸ್. ಘಟಕ, ಮೀಟರ್, ಸೆನ್ಸರುಗಳನ್ನು ಯಾವ ಲೇತಿನಲ್ಲೂ ಮಾಡಲು ಬರುವುದಿಲ್ಲ. 2011ರಲ್ಲಿ ನಮ್ಮಲ್ಲಿ ಬಿಡುಗಡೆಯಾದ ಈ ಮಾದರಿ 2020ರಲ್ಲಿ ಹೊಗೆ ನಿಯಂತ್ರಣದ ಬಿ.ಎಸ್.–6 ನಿಯಮದ ಹೊತ್ತಿಗೆ ನಿಂತುಹೋಯಿತು. ಚೈನ್ ಸೆಟ್, ಬ್ರೇಕ್ ಪ್ಯಾಡ್, ಫಿಲ್ಟರ್, ಬೇರಿಂಗ್, ಸೀಲುಗಳ ಚಿಂತೆ ಈಗಲೇ ಬೇಡ. ಫೇರಿಂಗಿನ ತುಂಡುಗಳು ಮತ್ತು ಎಲೆಕ್ಟ್ರಾನಿಕ್ ಭಾಗಗಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತವೆ. ಒಳ್ಳೆಯ ಸ್ಥಿತಿಯ ಹಳೆಯ ಇ.ಸಿ.ಯು., ರೆಗ್ಯುಲೇಟರ್, ಪೆಟ್ರೋಲ್ ಪಂಪು ಸಿಕ್ಕರೆ, ನಿಮ್ಮದೇ ಮಾದರಿಯದು ಎಂದು ಖಾತ್ರಿ ಮಾಡಿಕೊಂಡು, ತೆಗೆದಿಡಿ. ರಬ್ಬರಿನ ಸಾಮಾನನ್ನು ಮಾತ್ರ ಕೂಡಿಡಬೇಡಿ. ಕಪಾಟಿನಲ್ಲಿದ್ದರೂ ಅದರ ವಯಸ್ಸು ನಿಲ್ಲುವುದಿಲ್ಲ.

ಭಾವನವರ ಮಾತಿಗೆ ಉತ್ತರ ಸುಲಭ. ಹದಿನೈದು ವರ್ಷ ತುಂಬಿದ ಪೆಟ್ರೋಲ್ ಗಾಡಿ ರಸ್ತೆಗೆ ಇಳಿಯಬಾರದು ಎಂಬ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶದ್ದು. ನಮ್ಮಲ್ಲಿ ಖಾಸಗಿ ಗಾಡಿಯ ಆರ್.ಸಿ.ಯನ್ನು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬಹುದು. ಅವಧಿ ಮುಗಿಯುವ ಮೊದಲಿನ 60 ದಿನಗಳೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಿ, ಹಸಿರು ತೆರಿಗೆ ಕಟ್ಟಿ, ಮಂಡ್ಯದ ಆರ್.ಟಿ.ಓ. ಕಚೇರಿಯಲ್ಲಿ ಗಾಡಿ ತೋರಿಸಬೇಕು. 2022ರ ಏಪ್ರಿಲ್‌ನಿಂದ ದ್ವಿಚಕ್ರ ವಾಹನದ ನವೀಕರಣ ಶುಲ್ಕ 1000 ರೂಪಾಯಿ ಆಗಿದೆ. ಹೋಗುವ ಮೊದಲು ಈಗಿನ ದರ ಕೇಳಿಕೊಳ್ಳಿ. ಇನ್ಶೂರೆನ್ಸ್, ಎಮಿಷನ್ ಪತ್ರ, ಅತಿ ಸುರಕ್ಷಿತ ನಂಬರ್ ಪ್ಲೇಟ್ ಇರಲಿ, ಕಂಪನಿಯ ಸೈಲೆನ್ಸರೇ ಇರಲಿ. ಹ್ಯಾಂಡಲಿನ ಕತ್ತಿನ ಬಳಿ ಕೆತ್ತಿರುವ ಚಾಸಿ ನಂಬರ್ ತುಕ್ಕಿನಲ್ಲಿ ಮುಚ್ಚಿಹೋಗಿದ್ದರೆ ಈಗಲೇ ನಯವಾಗಿ ಒರೆಸಿ ಎಣ್ಣೆ ಹಚ್ಚಿ. ಮರಳು ಕಾಗದದಿಂದ ತಿಕ್ಕಿ ಅಕ್ಷರವೇ ಮಾಸಿದರೆ ಪರಿಶೀಲನೆಯಲ್ಲಿ ತೊಡಕಾಗುತ್ತದೆ.

ಇನ್ನು ಇಟ್ಟುಕೊಳ್ಳುವುದೋ ಮಾರುವುದೋ. ಈಗಿರುವ ಸ್ಥಿತಿಯಲ್ಲೇ ಮಾರಿದರೆ, ಸ್ಟಾರ್ಟ್ ಆಗದ ಗಾಡಿಗೆ ಗುಜರಿಯ ಬೆಲೆಯೇ ಸಿಗುತ್ತದೆ. ಅದನ್ನು ಕೊಳ್ಳುವವನು ಟೈರು, ಬ್ರೇಕು ಸರಿಪಡಿಸದೆ ಓಡಿಸುವ ಹುಡುಗನಾಗಿದ್ದರೆ ಎಂಬ ಅಳುಕು ನನಗಿದೆ, ಅದನ್ನಂತೂ ಹೇಳಿಯೇ ಮಾರಿ. ಮೆಕ್ಯಾನಿಕ್ ಹೇಳಿದಂತೆ ನೇರವಾಗಿ ಎಂಜಿನ್ ಕೆಲಸಕ್ಕೆ ಇಳಿದರೆ, ದೋಷ ಪಂಪಿನಲ್ಲೋ ವಾಲ್ವಿನಲ್ಲೋ ಇದ್ದಲ್ಲಿ ದುಡ್ಡು ಹೋಗಿಯೂ ತೊಂದರೆ ಉಳಿಯುತ್ತದೆ. ಕಂಪನಿಯಲ್ಲಿ ಸರಿಯಾಗಿ ಕೂಡಿಸಿದ್ದ ಎಂಜಿನ್ನನ್ನು ಸುಮ್ಮನೆ ತೆರೆದಂತಾಗುತ್ತದೆ. ಹಂತ ಹಂತವಾಗಿ ಅಳೆದು ಸರಿಪಡಿಸಿ ಇಟ್ಟುಕೊಳ್ಳುವುದು ನನ್ನ ಆಯ್ಕೆ. ಅದರಲ್ಲಿರುವ ಅಪಾಯವೂ ತಿಳಿದಿರಲಿ: ಲೀಕ್‌ಡೌನ್ ಪರೀಕ್ಷೆಯಲ್ಲಿ ರಿಂಗು ಸವೆದದ್ದೇ ಖಚಿತವಾದರೆ, ಆ ಹೊತ್ತಿಗೆ ಟೈರು, ಬ್ರೇಕಿಗೆ ನೀವು ಖರ್ಚು ಮಾಡಿಯಾಗಿರುತ್ತದೆ. ಮತ್ತು ತಿಂಗಳಿಗೊಮ್ಮೆ ಮಾತ್ರ ಗಾಡಿ ತೆಗೆಯುವ ಕ್ರಮವೇ ಮುಂದುವರಿಯುವುದಾದರೆ, ಎಷ್ಟೇ ಚೆನ್ನಾಗಿ ರಿಪೇರಿ ಮಾಡಿಸಿದರೂ ಇದೇ ತೊಂದರೆಗಳು ಮರಳುತ್ತವೆ. ವಾರಕ್ಕೆ ಅರ್ಧ ಗಂಟೆ ಕೊಡಲು ಸಾಧ್ಯವೇ ಇಲ್ಲ ಎಂದಾದರೆ ಮಾತ್ರ, ಸರಿಪಡಿಸಿ, ಆರ್.ಸಿ. ನವೀಕರಿಸಿ, ಓಡಿಸುವವರಿಗೆ ಮಾರುವುದು ಲೇಸು.

ಟೈರು ಮತ್ತು ಬ್ರೇಕ್ ಆಯಿಲ್ ಬದಲಾದ ಮೇಲೆ ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಬ್ಯಾಟರಿಯ ಮೂರು ವೋಲ್ಟೇಜುಗಳು, ತಣ್ಣನೆಯ ಎಂಜಿನಿನಲ್ಲಿ ನಾಲ್ಕೂ ವಾಲ್ವುಗಳ ಅಂತರ, ಪೆಟ್ರೋಲ್ ಪಂಪಿನ ಒತ್ತಡ, ಮತ್ತು 500 ಕಿ.ಮೀ.ಗೆ ಇಳಿದ ಆಯಿಲಿನ ಪ್ರಮಾಣ. ಅವುಗಳನ್ನು ನನಗೆ ಬರೆದು ಕಳಿಸಿದರೆ, ಹೆಡ್ ಬಿಚ್ಚಬೇಕೋ ಬೇಡವೋ ಎಂಬುದನ್ನು ಊಹೆಯಿಂದಲ್ಲದೆ ಹೇಳಲು ಸಾಧ್ಯವಾಗುತ್ತದೆ.